ಹಗುರವಾದದ್ದೇ ಮೇಲೇರುತ್ತದೆ ಎಂಬ ಹೇಳಿಕೆಯ ಕುರಿತು

ಪುರಾತನ ಎತ್ತರಗಳ ಇಲಾಖೆ
ಸಂಖ್ಯೆ: ಪುಎಇ/ಕಲ್ಲು/ಹಗುರ/18

ವಿಷಯ: ಮಳೆಯನ್ನು ಮುಂಬಡ್ತಿಗೆ ಹೋಲಿಸಿ ನಕ್ಕಿರುವ ಬಗ್ಗೆ.
ಉಲ್ಲೇಖ: ನೆಲಮಹಡಿಯಿಂದ ಮೂರನೇ ಮಹಡಿಯವರೆಗೂ ಕೇಳಿಸಿದ ಸದರಿ ನಗು.

ನೆಲಮಹಡಿಯ ಪ್ರಯೋಗಾಲಯದ ರಸಾಯನತಜ್ಞೆಯವರು ಕಚೇರಿ ಅಂಗಳದ ಸುಣ್ಣಕಲ್ಲನ್ನು ಐಸೋಟೋಪ್ (ಒಂದೇ ಧಾತುವಿನ ಭಾರ-ಹಗುರ ಪರಮಾಣುಗಳ) ಪರೀಕ್ಷೆಗೆ ಒಳಪಡಿಸಿ, ಈಗ ಚಪ್ಪಟೆಯಾಗಿರುವ ಈ ಜಾಗವು ಕೋಟ್ಯಂತರ ವರ್ಷಗಳ ಹಿಂದೆ ಎತ್ತರದ ಬೆಟ್ಟವಾಗಿತ್ತೆಂದು ವರದಿ ಸಲ್ಲಿಸಿರುತ್ತಾರೆ. ಮೋಡವು ಬೆಟ್ಟ ಹತ್ತುವಾಗ ಭಾರದ ಆಮ್ಲಜನಕವುಳ್ಳ ನೀರನ್ನು ಮೊದಲೇ ಸುರಿಸಿಬಿಡುತ್ತದೆ. ತುದಿಗೆ ಬೀಳುವುದು ಹಗುರ ಮಳೆ. ಆ ನೀರಿನಲ್ಲಿ ಹುಟ್ಟಿದ ಕಲ್ಲೂ ಅದೇ ಗುರುತನ್ನು ಉಳಿಸಿಕೊಳ್ಳುತ್ತದೆ ಎಂಬುದು ವರದಿಯ ಸಾರಾಂಶ. ಇಷ್ಟರವರೆಗೆ ಇಲಾಖೆಯ ತಕರಾರಿಲ್ಲ.

ಆದರೆ ಸದರಿಯವರು ಚಹಾ ವೇಳೆಯಲ್ಲಿ, "ನಮ್ಮ ಆಫೀಸೂ ಹಂಗೇ ಕಣ್ರೀ, ತೂಕ ಇರೋರೆಲ್ಲ ಕೆಳಗೇ ಉಳ್ಕೋತಾರೆ, ಹಗುರ ಇರೋರು ಮೇಲೆ ಹೋಗ್ತಾರೆ" ಎಂದಿರುವುದು ಗಮನಕ್ಕೆ ಬಂದಿದೆ. ತಮ್ಮ ಮುಂಬಡ್ತಿಯ ಕಡತ ಮೂರನೇ ಮಹಡಿಯಲ್ಲಿ ಪರಿಶೀಲನೆಯಲ್ಲಿರುವಾಗಲೇ ಹೀಗೆ ಹಗುರವಾಗಿ ಮಾತನಾಡಿರುವುದು ವಿಷಾದನೀಯ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ವರದಿಗಳಲ್ಲಿ 'ಹಗುರ' ಎಂಬ ಪದವನ್ನು ಕೈಬಿಟ್ಟು 'ಮಾನ್ಯ' ಎಂದು ಬರೆಯತಕ್ಕದ್ದು. ಉದಾ: ಮಾನ್ಯ ಆಮ್ಲಜನಕ.

2. ಮೋಡಗಳು ಇನ್ನು ಮುಂದೆ ಸೇವಾ ಜ್ಯೇಷ್ಠತೆಯ ಮೇರೆಗೆ ಮಾತ್ರ ಮೇಲೇರತಕ್ಕದ್ದು. ತಪ್ಪಿದಲ್ಲಿ ವಿವರಣೆ ಕೇಳಲಾಗುವುದು.

3. ಅಂಗಳ ಹಿಂದೊಮ್ಮೆ ಬೆಟ್ಟವಾಗಿತ್ತೆಂಬ ಕಾರಣಕ್ಕೆ ನೆಲಮಹಡಿಯ ಸಿಬ್ಬಂದಿ ಸ್ವೆಟರ್ ತೊಟ್ಟು ಏದುಸಿರು ಬಿಡುತ್ತಿರುವುದು ಕಂಡುಬಂದಿದೆ. ಕಚೇರಿ ವೇಳೆಯಲ್ಲಿ ವರ್ತಮಾನದ ಉಸಿರನ್ನೇ ಆಡತಕ್ಕದ್ದು.

4. ಅಧಿಕಾರಿಗಳು ಮೆಟ್ಟಿಲು ಹತ್ತುವಾಗ, ಅವರಿಂದ ಏನು ಉದುರುತ್ತಿದೆಯೆಂದು ಹಿಂದಿನಿಂದ ಬಗ್ಗಿ ನೋಡುವುದನ್ನು ನಿಷೇಧಿಸಲಾಗಿದೆ. ನಿರ್ದೇಶಕರ ಪೆನ್ನು ಬಿದ್ದದ್ದು ಆಕಸ್ಮಿಕ.

5. ಸದರಿ ರಸಾಯನತಜ್ಞೆಯವರು ತೂಕದ ವ್ಯಕ್ತಿಯೆಂದು ಸಹೋದ್ಯೋಗಿಗಳೆಲ್ಲರೂ ಒಕ್ಕೊರಲಿನಿಂದ ಶಿಫಾರಸು ಮಾಡಿರುವುದರಿಂದ, ಅವರನ್ನು ನೆಲಮಹಡಿಯಲ್ಲೇ ಉಳಿಸಿಕೊಳ್ಳಲಾಗಿದೆ. ಖಾಲಿಯಿದ್ದ ಹುದ್ದೆಗೆ ನಿರ್ದೇಶಕರ ಭಾವಮೈದುನರು ಎಲ್ಲಿಯೂ ತಡೆಯಿಲ್ಲದೆ ಏರಿರುತ್ತಾರೆ. ಇದಕ್ಕೂ ಚಹಾ ವೇಳೆಯ ಹೇಳಿಕೆಗೂ ಯಾವುದೇ ಸಂಬಂಧವಿರುವುದಿಲ್ಲ.

ಸಹಿ/-
ನಿರ್ದೇಶಕರು
(ಮೂರನೇ ಮಹಡಿ)

ಪ್ರತಿಗಳು:
ರಸಾಯನತಜ್ಞೆ, ನೆಲಮಹಡಿ: ಮುಗುಳ್ನಗದೆ ಓದಿಕೊಳ್ಳಲು.
ಮೋಡಗಳಿಗೆ: ಹಾದುಹೋಗುವಾಗ ಮುದ್ದಾಂ ತಲುಪಿಸುವುದು.
ಭಾವಮೈದುನರು, ಮೂರನೇ ಮಹಡಿ: ಫ್ಯಾನಿನ ಗಾಳಿಗೆ ಅಲ್ಲಿನ ಕಾಗದಗಳೆಲ್ಲ ಹಾರಿಹೋಗುತ್ತಿವೆಯೆಂದು ತಾವು ದೂರಿರುವುದರಿಂದ, ಮೇಲಿಡಲು ತೂಕದ ಕಲ್ಲೊಂದನ್ನು ನೆಲಮಹಡಿಯಿಂದ ತರಿಸಿಕೊಳ್ಳತಕ್ಕದ್ದು.