ಕಟ್ಟೆ ಏರಿದ ಲಾರಿ

ಬೆಳಿಗ್ಗೆ ವಾರ್ಡಿನ ಮುಖಂಡ ಚಿದಾನಂದ ಮಗ್ಗದ ಮನೆಗೇ ಬಂದು ಕೇಳಿಕೊಂಡದ್ದು ನೇಕಾರ ಯಮನಪ್ಪನ ಪಾಡಿಗೆಲ್ಲ ಮೂಲ.

“ಯೋಧರ ಸರ್ಕಲ್ ಉದ್ಘಾಟನಿ ಸಂಜಿಮುಂದ ಐತಿ. ನಿಮ್ಮಪ್ಪನ ಮಿಲಿಟರಿ ಲಾರಿ ಮೆರವಣಿಗಿ ಮುಂದ ಇರಬೇಕು. ಆದ್ರ ಚಾಲೂ ಇರಬೇಕು ನೋಡಪಾ. ಎಳಕೊಂಡ ಬಂದ್ರ ಊರ ಮರ್ಯಾದಿ ಹೋಗ್ತೈತಿ.”

ಸೇನೆಯಲ್ಲಿ ಡ್ರೈವರಾಗಿದ್ದ ಅಪ್ಪ ಹರಾಜಿನಲ್ಲಿ ಆ ಲಾರಿ ಹಿಡಿದದ್ದು, ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಅವಳ ತವರು ಗಲಗಲಿಗೆ ಹೋಗಲೆಂದು. ಲಾರಿ ಹೊರಡುವ ಮೊದಲೇ ಅಪ್ಪ ಲೋಕಬಿಟ್ಟು ಹೊರಟುಹೋದ. ಅಂದಿನಿಂದ ಅದು ಬಾನೆಟ್ಟಿನೊಳಗೆ ಕೋಳಿಯನ್ನು ಕಾವಿಗೆ ಕೂರಿಸಿಕೊಂಡು, ಪಿಂಚಣಿ ನಿಂತ ಸುಬೇದಾರನಂತೆ ಬಿಗಿದುಕೊಂಡೇ ನಿಂತಿತ್ತು.

“ಮೆರವಣಿಗಿ ಮುಗಿದ ಮ್ಯಾಲೆ ಹಂಗ ಗಲಗಲಿಗೆ ಹೋಗೂಣೇನ?” ಎಂದಳು ಅವ್ವ ಮಾಯವ್ವ. ಕೇಳುವಾಗಲೇ ಗಂಟು ಕಟ್ಟುತ್ತಿದ್ದಳು.

ಲಾರಿಯ ಡೀಸೆಲ್ ಪಂಪನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಯಮನಪ್ಪ ಬೈಕ್ ಹತ್ತಿದ. ಜಮಖಂಡಿಯ ಮೆಕ್ಯಾನಿಕ್, “ಇದನ್ನ ಮಾಡಿದವ್ರೂ ಸತ್ತಾರ, ರಿಪೇರಿ ಮಾಡಾವ್ರೂ ಸತ್ತಾರ. ನೀ ಒಬ್ಬವ ಯಾಕ ಉಳದೀ?” ಎಂದ. ಮುಧೋಳದ ಗುಜರಿಯವನು ಟ್ರ್ಯಾಕ್ಟರಿನ ಪಂಪ್ ತೋರಿಸಿ, “ಹೊಂದಸ್ಕೋರಿ, ಸಂಸಾರ ಇದ್ದಂಗ” ಎಂದ. ಅಷ್ಟರಲ್ಲಿ ನೆರೆಮನೆಯ ಮಾಂತೇಶನ ಫೋನು: “ಲೇ, ಹಿಪ್ಪರಗಿ ಗಿರಿಮಲ್ಲಪ್ಪನ ಗಾಣಕ್ಕ ಇಂಥದ್ದ ಎಂಜಿನ್ ಇತ್ತಲ್ಲ!”

ಗಾಣ ಈಗ ಕರೆಂಟಿನದು. ಹಳೆಯ ಎಂಜಿನ್ನಿನ ಪಂಪು ಬೆಲ್ಲದ ಮೇಲಿನ ತಾಡಪತ್ರಿ ಹಾರದಂತೆ ಕೂತಿತ್ತು. ಗಿರಿಮಲ್ಲಪ್ಪ ಒಯ್ಯಿ ಎಂದ. ಹೆಂಡತಿ ತಂಗೆವ್ವ ಬಿಡಲಿಲ್ಲ.

“ಇದನ್ನ ಒಯ್ದ್ರ ತಾಡಪತ್ರಿ ಮ್ಯಾಲ ನೀ ಬಂದ ಕುಂದ್ರತೀಯೇನ? ನೇಕಾರ ಅಂತೀ, ಒಂದ ಸೀರಿ ತಾ.”

ಮೆರವಣಿಗೆಗೆ ಅವ್ವ ಉಡಲೆಂದು ತಾನೇ ನೇಯ್ದಿಟ್ಟಿದ್ದ ಸೀರೆ ಹಿಪ್ಪರಗಿ ಸೇರಿತು. ಪಂಪು ಬನಹಟ್ಟಿಯ ಮನೆಗೆ ಬಂತು.

ಓಣಿಯವರೆಲ್ಲ ಮೆಕ್ಯಾನಿಕ್ಕುಗಳಾದರು. ಒಬ್ಬ ಬಿಗಿದ ಬೋಲ್ಟನ್ನು ಇನ್ನೊಬ್ಬ ಸಡಿಲಿಸಿದ. ಡೀಸೆಲ್ ಸೋರುವಲ್ಲೆಲ್ಲ ಮಾಂತೇಶ ಮಗ್ಗದ ನೂಲು ಸುತ್ತಿದ. ಟ್ರ್ಯಾಕ್ಟರಿನ ಬ್ಯಾಟರಿ ಬಂತು, ಕೋಳಿ ಬೈದುಕೊಳ್ಳುತ್ತ ಇಳಿಯಿತು. ಲಾರಿ ಎರಡು ಸಲ ಕೆಮ್ಮಿ, ಎಲ್ಲರ ಮುಖಕ್ಕೂ ಮಸಿ ಬಳಿದು, ಗುಡುಗಿತು. ಮಾಯವ್ವ ಹಳೇ ಸೀರೆಯಲ್ಲೇ ಗಂಟು ಹಿಡಿದು ಮುಂದಿನ ಸೀಟಿಗೆ ಹತ್ತಿದಳು.

ಮೆರವಣಿಗೆ ಮುಟ್ಟಿದ ಸರ್ಕಲ್ಲಿನಲ್ಲಿ ಎದೆಯೆತ್ತರದ ಹೊಸ ಕಟ್ಟೆ. ಅದಕ್ಕೆ ಹೊಂದಿಸಿ ಮಣ್ಣಿನ ಏರು.

“ಏರ್ಸು!” ಎಂದ ಚಿದಾನಂದ. ಜನ ಚಪ್ಪಾಳೆ ಹೊಡೆದರು. ಯಮನಪ್ಪ ಹುಮ್ಮಸ್ಸಿನಲ್ಲಿ ಏರಿಸಿಯೇಬಿಟ್ಟ. ಹಿಂದೆಯೇ ಜೆಸಿಬಿ ಬಂದು ಏರಿನ ಮಣ್ಣನ್ನೆಲ್ಲ ಬಾಚಿಕೊಂಡು ಹೋಯಿತು.

ಯಮನಪ್ಪ ಎಂಜಿನ್ ಚಾಲೂ ಬಿಟ್ಟು ಕೆಳಗೆ ಹಾರಿ ಓಡಿದ. “ಚಿದಾನಂದಣ್ಣಾ, ಇಳಸೂದು ಹೆಂಗ್ರಿ?”

“ಇಳಸೂದ್ಯಾಕ? ಇದು ಸ್ಮಾರಕ! ಮ್ಯಾಲೆ ಕರೆಂಟಿನ ತಂತಿ, ಕ್ರೇನ್ ಬರಾಕ ಆಗೂದಿಲ್ಲ. ಅದಕ್ಕ ಚಾಲೂ ಇರಬೇಕು ಅಂದಿದ್ದು.”

“ನಮ್ಮನ್ನೊಂದ ಮಾತ ಕೇಳಬೇಕಿತ್ತಿಲ್ರಿ?”

ಚಿದಾನಂದ ಮೈಕಿನಲ್ಲೇ ಕೇಳಿದ: “ಯೋಧನ ಮನಿತನದವ್ರು ನೀವು. ದೇಶಕ್ಕ ಒಲ್ಲೆ ಅಂತೀರೇನು?”

ಮತ್ತೆ ಚಪ್ಪಾಳೆ. ನಡುವೆ ದೇಶ ಬಂದು ನಿಂತ ಮೇಲೆ ಯಮನಪ್ಪನಿಗೆ ಒಲ್ಲೆ ಎನ್ನಲು ಜಾಗವೇ ಉಳಿಯಲಿಲ್ಲ. ಗೌಂಡಿಗಳು ಚಕ್ರಗಳ ಸುತ್ತ ಸಿಮೆಂಟು ಸುರಿಯತೊಡಗಿದರು.

“ಫೋಟೋ ತಗೀಬೇಕು, ಮುದುಕೀನ್ನ ಇಳಸಪಾ” ಎಂದ ಚಿದಾನಂದ.

ಯಮನಪ್ಪ ಮತ್ತೆ ಲಾರಿ ಹತ್ತಿ ತನ್ನ ಕೈಯಾರೆ ಎಂಜಿನ್ ಆರಿಸಿದ.

ಅದರ ಗುಡುಗಿನಲ್ಲಿ ಈ ಮಾತು ಒಂದೂ ಕೇಳಿಸಿರದ ಮಾಯವ್ವ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಗದರಿದಳು:

“ಬಂದ್ ಯಾಕ ಮಾಡಿದ್ಯೋ? ಗಲಗಲಿ ಮುಟ್ಟೂದ್ರಾಗ ಕತ್ತಲಾಗ್ತೈತಿ.”