ಪೇಪರ್ ಓದಿಸಿ ಬಟ್ಟೆ ಕೊಳ್ಳುವ ಅತ್ತೆ

ಸೇಡಂ ಬಜಾರಿನ ಬಟ್ಟೆ ವ್ಯಾಪಾರಿಗಳಿಗೆ ಬೆಳಗ್ಗೆ ಅಂಗಡಿ ತೆರೆಯುವಾಗ ಒಂದೇ ಬೇಡಿಕೆ: ನಮ್ಮ ಸೋದರತ್ತೆಗೆ ಇವತ್ತು ಬಸ್ಸು ತಪ್ಪಲಿ! ನಾನು ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎನ್ನುವವರು ಒಮ್ಮೆ ಅವಳ ಜೊತೆ ಬಟ್ಟೆ ಕೊಳ್ಳಲು ಹೋಗಿ ಬನ್ನಿ.

ಮನೆಯಲ್ಲೇ ಹೊಲಿಗೆ ಮಾಡುವ ಅತ್ತೆಗೆ ಊರ ಶಾಲೆಯ ಹುಡುಗಿಯರ ಖೋಖೋ ತಂಡದ ಸಮವಸ್ತ್ರದ ಕೆಲಸ ಬಂದಿತ್ತು. ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವವಳು ಭಾಗ್ಯ. ಅವಳಪ್ಪ ಮಾತ್ರ, "ಮೈ ಕಾಣೋ ಅರಿವಿ ಹಾಕ್ಕೊಂಡು ನನ್ನ ಮಗಳು ಆಡಂಗಿಲ್ಲ" ಎಂದು ಕೂತುಬಿಟ್ಟಿದ್ದ.

ಹುಡುಗಿಯರು ಬೇಡಿದ್ದು ಟೀವಿಯಲ್ಲಿ ಕಂಡಂಥ ಮಿರಿಮಿರಿ ಹಳದಿ. ಅಂಗಡಿಯಲ್ಲಿ ಹಳದಿ ಥಾನು ಬಿಚ್ಚಿದ್ದೇ ತಡ, ಅತ್ತೆ ಅದನ್ನು ಜಗ್ಗಿದಳು, ಮೂಸಿದಳು, ನನ್ನ ಸೊಂಟಕ್ಕೆ ಸುತ್ತಿ, "ಕುಂದ್ರು, ಜಿಗಿದು ಏಳು" ಎಂದಳು. ಎರಡು ಮಕ್ಕಳ ತಾಯಿಯಾದ ನಾನು ಗಿರಾಕಿಗಳ ನಡುವೆ ಖೋ ಸಿಕ್ಕವಳಂತೆ ಎದ್ದೆ! ಅಷ್ಟಕ್ಕೇ ಮುಗಿಯಿತೇ? ಮಾದರಿಗೆಂದು ಒಂದು ತುಂಡು ಬೇಡಿ ಪಡೆದು, ಬಾಟಲಿ ನೀರಿನಲ್ಲಿ ತೋಯಿಸಿ, ಅಂಗಡಿ ಸಾಹುಕಾರರ ಪೇಪರಿನ ಮೇಲೆಯೇ ಹಾಸಿದಳು.

"ಓದ್ರಿ ಸಾವಕಾರ್ರ, ಏನ್ ಬರದದ?"

"ನಾಳಿ ಮಳಿ ಬರ್ತದಂತ ಬರದದ್ರಿ."

"ಕಾಣಸ್ತಲ್ಲ? ಬ್ಯಾಡ. ಬ್ಯಾರೆ ತಗೀರಿ."

ಹೀಗೇ ಗುಲಾಬಿ ಹೋಯಿತು, ಆಕಾಶ ಬಣ್ಣ ಹೋಯಿತು. "ಅಕ್ಕಾವ್ರ, ನಾ ಜನ್ಮದಾಗ ಇಷ್ಟು ಪೇಪರ್ ಓದಿದವನಲ್ರಿ!" ಎಂದು ಸಾಹುಕಾರರು ಕೈ ಮುಗಿದರು. ಕೊನೆಗೆ ಒಂದು ಕಡುನೀಲಿ ಬಟ್ಟೆ, ಮೆತ್ತಗಿನದು, ಜಗ್ಗಿದರೆ ಹಿಗ್ಗುವಂಥದು, ಅವರಿಗೆ ಒಂದಕ್ಷರವನ್ನೂ ಓದಗೊಡಲಿಲ್ಲ. ಅತ್ತೆಯ ಮುಖ ಅರಳಿತು.

ಮರಳಿದವಳು ನೇರ ಭಾಗ್ಯಳ ಮನೆಗೆ ನಡೆದಳು. ಅಲ್ಲಿ ಪೇಪರ್ ಇರಲಿಲ್ಲ. ಗೋಡೆಯ ಕ್ಯಾಲೆಂಡರನ್ನೇ ಇಳಿಸಿ, ನೀಲಿ ತುಂಡನ್ನು ತೋಯಿಸಿ ಅದರ ಮೇಲೆ ಹಾಸಿದಳು.

"ಅಣ್ಣಾವ್ರ, ಅಮಾಸಿ ಯಾವಾಗ ಅದ ನೋಡಿ ಹೇಳ್ರಿ."

ಭಾಗ್ಯಳ ಅಪ್ಪ ಬಗ್ಗಿ ನೋಡಿದ. "ಏನೂ ಕಾಣವಲ್ದು."

"ಹಂಗಾದ್ರ ಹುಡುಗಿ ಆಡ್ಲಿ ಬಿಡ್ರಿ."

ಅವನು ಬಟ್ಟೆಯನ್ನು ಎತ್ತಿ ಸವರಿ ನೋಡಿದ. "ತೋಳು ಚೂರು ಉದ್ದ ಇಡ್ರಿ" ಎಂದ. ಬಾಗಿಲ ಹಿಂದೆ ಭಾಗ್ಯ ಕುಣಿದ ಸದ್ದು ನಮಗೆಲ್ಲ ಕೇಳಿಸಿತು.

ದಾರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. "ಅತ್ತಿ, ಈ ಓದೋ ಪರೀಕ್ಷಾ ಎಲ್ಲಿ ಕಲ್ತಿ?"

"ನಾನೂ ಸಾಲ್ಯಾಗ ಖೋಖೋ ಆಡ್ತಿದ್ದೆ. ಬಿಳಿ ಅಂಗಿ ಕೊಟ್ಟಿದ್ರು. ಆಡೋಮುಂದ ಮಳಿ ಬಂತು. ಸುತ್ತ ನಿಂತವ್ರು ಆಟ ಬಿಟ್ಟು ಅಂಗಿ ನೋಡಿದ್ರು. ಆಮ್ಯಾಲ ಮನ್ಯಾಗ ನನ್ನ ಆಡ್ಲಿಕ್ಕೇ ಕಳಸ್ಲಿಲ್ಲ."

ಇಷ್ಟು ವರ್ಷ ಅವಳನ್ನು ಆಡಿಕೊಂಡು ನಗುತ್ತಿದ್ದೆವಲ್ಲ ಎನ್ನಿಸಿತು.

ಪಂದ್ಯದ ದಿನ ಭಾಗ್ಯಳ ನೀಲಿ ಅಂಗಿ ಬೆವರಿಗೆ ತೊಯ್ದು ಬೆನ್ನಿಗಂಟಿತ್ತು. ಅವಳು ಯಾರ ಕೈಗೂ ಸಿಗಲಿಲ್ಲ. ಸುತ್ತ ನಿಂತವರು ಆಟವನ್ನೇ ನೋಡುತ್ತಿದ್ದರು.

"ಅತ್ತಿ, ಅಂಗಿ ಹೆಂಗ ಕುಂತದ ನೋಡು" ಎಂದು ತಿರುಗಿದೆ. ಅತ್ತೆ ಪಕ್ಕದಲ್ಲಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದ ಗೆರೆಯ ಹೊರಗೆ, ಅವಳೂ ಭಾಗ್ಯಳ ಜೊತೆ ಓಡುತ್ತಿದ್ದಳು.