ಹತ್ತೊಂಬತ್ತು ಮಣಿ, ಎರಡು ಹೋಳಿಗೆ

ಹನ್ನೂರಿನ ಗುರುಶಾಂತನ ಬಲಗಾಲಿನ ಎಲುಬಿನೊಳಗೆ ಹತ್ತೊಂಬತ್ತು ಮಣಿಗಳ ಸರವೊಂದಿತ್ತು. ಟ್ರ್ಯಾಕ್ಟರಿನಿಂದ ಬಿದ್ದು ಮುರಿದ ಎಲುಬು ಒಳಗೇ ಕೀವು ಹಿಡಿದಾಗ ಸೊಲ್ಲಾಪುರದ ಡಾಕ್ಟರು ಅದನ್ನು ತೊಳೆದು, ಎಲುಬಿನ ಸಿಮೆಂಟಿನಲ್ಲಿ ಆಂಟಿಬಯಾಟಿಕ್ ಪುಡಿ ಕಲಸಿ, ಮಣಿ ಮಾಡಿ, ತಂತಿಗೆ ಪೋಣಿಸಿ ಇಟ್ಟಿದ್ದರು. ಆರು ವಾರ ಅವು ಕತ್ತಲಲ್ಲಿ ಕೂತು, ಸದ್ದಿಲ್ಲದೆ ಔಷಧ ಒಸರಿಸಿ, ತಮ್ಮ ಕೆಲಸ ಮುಗಿಸಿದ್ದವು. ಇಂದು ಮಧ್ಯಾಹ್ನ ಅವನ್ನು ತೆಗೆಸಿದರೆ ಜೋಳದ ಬಿತ್ತನೆಯ ಹೊತ್ತಿಗೆ ಅವನು ಊರುಗೋಲು ಬಿಟ್ಟು ಹೊಲದಲ್ಲಿ ನಿಲ್ಲಬಹುದು. ತಪ್ಪಿದರೆ, ಡಾಕ್ಟರು ನಾಳೆ ಪರವೂರಿಗೆ ಹೊರಟವರು. ಮತ್ತೆ ಇಪ್ಪತ್ತು ದಿನ ಕಾಯಬೇಕು.

ಅವರು ವಿಧಿಸಿದ್ದು ಒಂದೇ ನಿಯಮ: ಬೆಳಗಿನಿಂದ ಹೊಟ್ಟೆ ಖಾಲಿ ಇರಬೇಕು.

ದಾರಿಯಲ್ಲಿ ಬಂಧುಗಳಿರುವವನಿಗೆ ಇದಕ್ಕಿಂತ ಕಠಿಣವಾದ ವ್ರತವಿಲ್ಲ. ಸೊಲ್ಲಾಪುರಕ್ಕೆ ಹೋಗಲು ಅಕ್ಕಲಕೋಟೆಯಲ್ಲಿ ಜೊತೆಗೂಡಬೇಕಿದ್ದ ಸೋದರತ್ತೆ ಪಾರ್ವತಿಬಾಯಿ ಎಲೆ ಹಾಕಿಯೇ ಕಾಯುತ್ತಿದ್ದಳು. ಅವನು ಡಾಕ್ಟರ ಮಾತು ಹೇಳಿದ.

“ಡಾಕ್ಟರ್ ನಿನ್ನ ಕಾಲು ನೋಡ್ಯಾನ, ನಾ ನಿನ್ನ ಮಾರಿ ನೋಡಾಕತ್ತೀನಿ,” ಎಂದಳು ಅತ್ತೆ. “ಬರೇ ಹೊಟ್ಟಿಲೆ ಕಳಿಸಿದ್ರ ನಾಳೆ ಓಣ್ಯಾಗ ನಾ ಹೆಂಗ ತಿರಗಾಡ್ಲಿ?”

ಎರಡು ಹೋಳಿಗೆ ಬಿದ್ದವು. ಮೇಲೆ ತುಪ್ಪ, ತಡವಾಗಿ ಬಂದ ಮಳೆಯಂತೆ ಧಾರಾಳವಾಗಿ. ಅವಳು ನೀರು ತರಲು ತಿರುಗಿದಾಗ ಗುರುಶಾಂತ ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಸೇರಿಸಿದ. ಬೆರಳಿನಿಂದ ಮೀಸೆಗೆ ಕೊಂಚ ತುಪ್ಪ ಸವರಿಕೊಂಡು, ಸುಳ್ಳು ತೇಗೊಂದನ್ನು ತೇಗಿದ. ಅತ್ತೆಯ ಮುಖ ಅರಳಿತು.

ಸೊಲ್ಲಾಪುರದ ನವಿ ಪೇಠೆಯಲ್ಲಿ ಬಟ್ಟೆ ಅಂಗಡಿಯಿಟ್ಟ ಮಾವ ಶಾಂತಲಿಂಗಪ್ಪನವರದು ಇನ್ನೂ ಗಂಭೀರವಾದ ಪ್ರೀತಿ. ಅಳಿಯ ಅಂಗಡಿಯ ಮೆಟ್ಟಿಲಿಂದ ಬಾಯಾಡದೆ ಇಳಿದರೆ ಪೇಠೆಯೆಲ್ಲ ಆಡಿಕೊಳ್ಳುತ್ತದೆಂಬುದು ಅವರ ಅಳಲು. ಅವರು ಕೊಟ್ಟ ಅವಲಕ್ಕಿ ಚೂಡಾ ಇನ್ನೊಂದು ಕಿಸೆಗೆ ಹೋಯಿತು. ಚಹಾವನ್ನು ಬಾಗಿಲ ಬದಿಯ ಹೂಕುಂಡ ಕುಡಿಯಿತು. ಮಾವ ಸಂತುಷ್ಟರಾಗಿ ಆಸ್ಪತ್ರೆಯ ತನಕ ಜೊತೆಗೆ ಬಂದರು.

ಗುರುಶಾಂತನ ಹಸಿವು ಈಗ ಪೂರ್ಣವಿರಾಮವಿಲ್ಲದ ಒಂದು ವಾಕ್ಯವಾಗಿತ್ತು. ಆದರೂ ಗೆದ್ದಿದ್ದ. ಅಷ್ಟರಲ್ಲಿ ನರ್ಸ್ ಸಾರಿಕಾ ಬಗ್ಗಿ ನೋಡಿದಳು.

“ಕಾಕಾ, ಮೀಸಿಗೆ ತುಪ್ಪ ಹತ್ತೇತಲ್ರಿ. ಏನು ತಿಂದೀರಿ?”

“ಏನೂ ತಿಂದಿಲ್ರಿ. ತಿಂದಂಗ ಮಾಡೀನಿ ಅಷ್ಟ.”

ಪಾರ್ವತಿಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. “ಏನಂದಿ? ನನ್ನ ಮನಿಯಿಂದ ಇವತ್ತಿನ ತನಾ ಯಾರೂ ಉಪಾಸ ಹೋಗಿಲ್ಲ. ಬರಕೋ ನರ್ಸಬಾಯಿ, ಎರಡು ಹೋಳಿಗಿ ತಿಂದಾನ.”

ಶಾಂತಲಿಂಗಪ್ಪನವರು ಗಂಟಲು ಸರಿಪಡಿಸಿಕೊಂಡರು. “ನಮ್ಮಲ್ಲೂ ಏನು ಕಡಿಮಿ ಆಗಿಲ್ರಿ. ಅಳ್ಯಾರು ಚೂಡಾ ಎರಡು ಸಲ ಹಾಕಿಸ್ಕೊಂಡಾರ.”

ಡಾಕ್ಟರು ಹೊರಬಂದು ಹಣೆ ಒತ್ತಿಕೊಂಡರು. ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಡುವುದು ಸಾಧ್ಯವೇ ಇಲ್ಲವೆಂದರು. ಕೊನೆಯ ಆಸರೆಯಾಗಿ ಗುರುಶಾಂತ ಕಿಸೆಯಿಂದ ಕರವಸ್ತ್ರ ತೆಗೆದು, ನ್ಯಾಯಾಲಯದ ಮುಂದೆ ಸಾಕ್ಷಿ ಒಡ್ಡಿದಂತೆ ಬಿಚ್ಚಿದ. ಎರಡು ಹೋಳಿಗೆ, ತುಸು ಜಜ್ಜಿದ್ದವು, ಆದರೆ ಇಡಿಯಾಗಿದ್ದವು.

ಪಾರ್ವತಿಬಾಯಿ ಹೋಳಿಗೆಗಳನ್ನು ಬೆರಳಿನಿಂದ ಎಣಿಸಿದಳು. ಆಮೇಲೆ ಶಾಂತವಾಗಿ ಹೇಳಿದಳು: “ನಾ ನೀಡಿದ್ದು ನಾಕು. ಎರಡು ತಿಂದು ಎರಡು ಕಟ್ಟಿಗೊಂಡಾನ. ಹಂತಾ ರುಚಿ ಆಗಿದ್ವು.”

ಮಣಿಗಳು ಇನ್ನೂ ಇಪ್ಪತ್ತು ದಿನ ಇದ್ದಲ್ಲೇ ಇರಬೇಕಾಯಿತು. ಸರಿ, ಇನ್ನು ತಿನ್ನಲು ಅಡ್ಡಿಯಿಲ್ಲವಲ್ಲ ಎಂದು ಗುರುಶಾಂತ ಹೋಳಿಗೆಗೆ ಕೈ ಚಾಚಿದ. ಅಷ್ಟರೊಳಗೆ ಅತ್ತೆ ಕರವಸ್ತ್ರವನ್ನು ಡಾಕ್ಟರ ಮುಂದೆ ಹಿಡಿದಿದ್ದಳು.

“ಇಂವಾ ಹೊಟ್ಟಿ ತುಂಬಿದಾಂವ. ನಿಮ್ಮ ಮಾರಿ ಎಷ್ಟು ಬಾಡೇದ್ರಿ, ಮುಂಜಾನಿಂದ ಏನೂ ತಿಂದಿಲ್ಲ ಕಾಣಸ್ತೈತಿ. ಒಲ್ಲೆ ಅನಬ್ಯಾಡ್ರಿ.”

ಡಾಕ್ಟರು ಎರಡು ಸಲ ಬೇಡವೆಂದರು. ಅವರೂ ಇದೇ ಸೀಮೆಯವರು. ಮೂರನೆಯ ಸಲ ಅನ್ನಲಾಗಲಿಲ್ಲ.

ಅವರು ಎರಡನೆಯ ಹೋಳಿಗೆ ಮುಗಿಸುವಾಗ ಗುರುಶಾಂತನ ಹೊಟ್ಟೆ ದೂರದ ಗುಡುಗಿನಂತೆ ಗುಡುಗುಡಿಸಿತು.

“ನೋಡ್ರಿ,” ಎಂದಳು ಸಾರಿಕಾ, “ಈಗ ಪಚನ ಆಗಾಕತ್ತೈತಿ.”